ನಾಲ್ಕರಿಂದ ಶುರುವಾಗುವ ವಿಮಾನಗಳು

ಚೀನಾದ ಒಳಗೆ ಹಾರುವ ವಿಮಾನಗಳ ನಂಬರಿನಲ್ಲಿ ಹಿಂದೆ ಒಂದು ಅಚ್ಚುಕಟ್ಟಾದ ಲೆಕ್ಕ ಇತ್ತು. ಒಟ್ಟು ನಾಲ್ಕು ಅಂಕಿ. ಮೊದಲನೆಯ ಅಂಕಿ ನೋಡಿದರೆ ವಿಮಾನ ಯಾವ ಪ್ರದೇಶದ ಕಂಪನಿಯದ್ದು ಅಂತ ಗೊತ್ತಾಗುತ್ತಿತ್ತು. 1 ಅಂದರೆ ಬೀಜಿಂಗ್ ಇರುವ ಉತ್ತರ. 2 ಅಂದರೆ ಶಿಯಾನ್ ಇರುವ ವಾಯವ್ಯ. 3 ಗುವಾಂಗ್‌ಝೌ ಇರುವ ದಕ್ಷಿಣ, 4 ಚೆಂಗ್ಡು ಇರುವ ನೈಋತ್ಯ, 5 ಶಾಂಘೈ ಇರುವ ಪೂರ್ವ, 6 ಶೆನ್ಯಾಂಗ್ ಇರುವ ಈಶಾನ್ಯ. ಎರಡನೆಯ ಅಂಕಿ, ಆ ವಿಮಾನ ಯಾವ ಪ್ರದೇಶಕ್ಕೆ ಹೋಗಿ ಬರುತ್ತದೆ ಅನ್ನೋದು. ಕೊನೆಯ ಅಂಕಿ ಬೆಸ ಆಗಿದ್ದರೆ ವಿಮಾನ ತನ್ನ ಊರಿನಿಂದ ಹೊರಟಿದೆ. ಸಮ ಆಗಿದ್ದರೆ ಊರಿಗೆ ವಾಪಸ್ ಬರುತ್ತಿದೆ.

ಉದಾಹರಣೆಗೆ 4509. ಚೆಂಗ್ಡು ಕಂಪನಿಯ ವಿಮಾನ, ಪೂರ್ವ ಭಾಗಕ್ಕೆ ಹೋಗುವಂಥದ್ದು, ಊರಿನಿಂದ ಹೊರಟಿದೆ. ಈ ನಂಬರನ್ನು ಸ್ವಲ್ಪ ನೆನಪಿಟ್ಟುಕೊಳ್ಳಿ. ಮುಂದೆ ಬೇಕಾಗುತ್ತದೆ.

ನಾನು ಹೇಳಹೊರಟಿರುವುದು ಈ 4ನೇ ನಂಬರಿನ ಕಂಪನಿಯ ಕಥೆ. ಹೆಸರು ಚೀನಾ ಸೌತ್‌ವೆಸ್ಟ್ ಏರ್‌ಲೈನ್ಸ್. 1987ರಲ್ಲಿ ಹುಟ್ಟಿತು, 2002ರಲ್ಲಿ ಬೇರೆ ಕಂಪನಿಯಲ್ಲಿ ಕರಗಿಹೋಯಿತು. ಬರೀ ಹದಿನೈದು ವರ್ಷ. ಆದರೆ ಆ ಹದಿನೈದು ವರ್ಷದಲ್ಲಿ ಅದು ಪ್ರಯಾಣಿಕರ ವಿಮಾನ ಇಳಿಸಲು ಜಗತ್ತಿನಲ್ಲೇ ತುಂಬಾ ಕಷ್ಟ ಅನ್ನಿಸಿಕೊಂಡ ಜಾಗಗಳಿಗೆ ಜನರನ್ನು ಕರೆದೊಯ್ದಿತು. ಅದೇ ಕಂಪನಿ ಒಂದು ತಪ್ಪು ನಟ್‌ನಿಂದಾಗಿ 61 ಜನರನ್ನು ಕಳೆದುಕೊಂಡಿತು. ಇವೆರಡೂ ಒಂದೇ ಮನೆಯ ಕಥೆ ಅನ್ನೋದೇ ನನ್ನನ್ನು ಇದರ ಹಿಂದೆ ಬೀಳಿಸಿದ್ದು.

ಮೊದಲು ಹುಟ್ಟಿದ ಕಥೆ. 1949ರಿಂದ ಸುಮಾರು ನಾಲ್ಕು ದಶಕ ಚೀನಾದಲ್ಲಿ ವಿಮಾನ ಅಂದರೆ ಸಿಎಎಸಿ. ಅದು ನಾಗರಿಕ ವಿಮಾನಯಾನದ ಸರ್ಕಾರಿ ಇಲಾಖೆ. ವಿಮಾನ ಹಾರಿಸುವುದು ಅದೇ, ನಿಲ್ದಾಣ ನಡೆಸುವುದು ಅದೇ, ಟಿಕೆಟ್ ಮಾರುವುದು ಅದೇ, ಆಕಾಶದಲ್ಲಿ ದಾರಿ ತೋರಿಸುವುದೂ ಅದೇ. ಅಪಘಾತವಾದರೆ ವಿಚಾರಣೆ ಮಾಡುವುದೂ ಅದೇ. ಆ ಅವಧಿಯ ಬಹುಪಾಲು ಅದು ವಾಯುಸೇನೆಯ ಕೈಕೆಳಗೇ ಇತ್ತು. 1980ರಲ್ಲಿ ಅದನ್ನು ಸೇನೆಯಿಂದ ಬಿಡಿಸಿದರು. ವಿಮಾನಯಾನ ಒಂದು ಉದ್ಯಮದ ಥರ ನಡೆಯಬೇಕು ಅನ್ನೋದು ಆಗಿನ ಚೀನಾದ ಮುಖ್ಯ ನಾಯಕ ಡೆಂಗ್ ಶಿಯಾವೊಪಿಂಗ್ ಅವರ ಮಾತಾಗಿತ್ತು. ಆ ಕಾಲದಲ್ಲಿ ದುಡ್ಡಿದ್ದರೂ ಸುಮ್ನೆ ಹೋಗಿ ಟಿಕೆಟ್ ತಗೊಳ್ಳೋಕೆ ಆಗುತ್ತಿರಲಿಲ್ಲ. ಕೆಲಸ ಮಾಡುವ ಕಡೆಯಿಂದ ಪರಿಚಯ ಪತ್ರ ತರಬೇಕಿತ್ತು.

ನಮ್ಮಲ್ಲಿ 1953ರಲ್ಲಿ ಎಂಟು ಕಂಪನಿಗಳನ್ನು ಸೇರಿಸಿ ಇಂಡಿಯನ್ ಏರ್‌ಲೈನ್ಸ್ ಮಾಡಿದರು. ಚೀನಾ ಮಾಡಿದ್ದು ಇದರ ಉಲ್ಟಾ. ಒಂದೇ ಒಂದು ಇಲಾಖೆಯನ್ನು ಒಡೆದು ಹಲವು ಕಂಪನಿ ಮಾಡಿತು. ಅಷ್ಟು ದೊಡ್ಡ ಇಲಾಖೆಯನ್ನು ಒಮ್ಮೆಲೇ ಒಡೆಯಲು ಯಾರಿಗೂ ಧೈರ್ಯ ಇರಲಿಲ್ಲ. ಮೊದಲು ಒಂದು ಕಡೆ ಮಾಡಿ ನೋಡೋಣ ಅಂತ ಆರಿಸಿದ್ದು ಚೆಂಗ್ಡುವನ್ನು. 1987ರ ಅಕ್ಟೋಬರ್ 15ರಂದು ಅಲ್ಲಿನ ಪ್ರಾದೇಶಿಕ ಕಚೇರಿ ಮೂರು ಹೋಳಾಯಿತು. ನಿಯಮ ನೋಡಿಕೊಳ್ಳುವವರು ಒಂದು ಕಡೆ, ಶುವಾಂಗ್ಲಿಯು ವಿಮಾನ ನಿಲ್ದಾಣ ಒಂದು ಕಡೆ, ವಿಮಾನ ಹಾರಿಸುವ ಕಂಪನಿ ಇನ್ನೊಂದು ಕಡೆ. ಆ ಮೂರನೆಯದ್ದೇ ಚೀನಾ ಸೌತ್‌ವೆಸ್ಟ್.

ಪ್ರಯೋಗ ನಡೆಯಿತು. ಮುಂದಿನ ಮೂರ್ನಾಲ್ಕು ವರ್ಷದಲ್ಲಿ ಬೀಜಿಂಗ್‌ಗೆ ಏರ್ ಚೀನಾ, ಶಾಂಘೈಗೆ ಚೀನಾ ಈಸ್ಟರ್ನ್, ಶಿಯಾನ್‌ಗೆ ಚೀನಾ ನಾರ್ತ್‌ವೆಸ್ಟ್, ಶೆನ್ಯಾಂಗ್‌ಗೆ ಚೀನಾ ನಾರ್ದರ್ನ್, ಗುವಾಂಗ್‌ಝೌಗೆ ಚೀನಾ ಸದರ್ನ್ ಬಂದವು. ಆರು ಪ್ರದೇಶ, ಆರು ಕಂಪನಿ. ಇದರಲ್ಲಿ ಮೂರರ ಹೆಸರು ನೀವು ಇಂದಿಗೂ ಕೇಳುತ್ತೀರಿ. ಉಳಿದ ಮೂರು ಇಲ್ಲ.

ಹಂಚಿಕೆಯಲ್ಲಿ ಚೆಂಗ್ಡು ಕಂಪನಿಗೆ ಸಿಕ್ಕಿದ್ದು ಬೆಟ್ಟಗುಡ್ಡಗಳ ದೇಶ. ಸಿಚುವಾನ್, ಗುಯ್‌ಝೌ, ಯುನ್ನಾನ್ ಮತ್ತು ಟಿಬೆಟ್. ಬೀಜಿಂಗ್‌ನವರಿಗೆ ವಿದೇಶದ ಹಾರಾಟ ಸಿಕ್ಕಿತು, ಶಾಂಘೈ ಮತ್ತು ಗುವಾಂಗ್‌ಝೌಗೆ ವ್ಯಾಪಾರಸ್ಥರು ಸಿಕ್ಕರು. ಚೆಂಗ್ಡುವಿಗೆ ಸಿಕ್ಕಿದ್ದು ಲಾಸಾ.

ಲಾಸಾ ದಾರಿಗೆ ತನ್ನದೇ ಹಿನ್ನೆಲೆ ಇದೆ. ಎರಡನೇ ಮಹಾಯುದ್ಧದ ಕಾಲದಲ್ಲಿ ಅಸ್ಸಾಮಿನಿಂದ ಕುನ್ಮಿಂಗ್‌ಗೆ ಅಮೆರಿಕದ ವಿಮಾನಗಳು ಸಾಮಾನು ಹೊತ್ತು ಹಾರುತ್ತಿದ್ದವು. ಪೈಲಟ್‌ಗಳು ಆ ದಾರಿಯನ್ನು 'ಹಂಪ್' ಅನ್ನುತ್ತಿದ್ದರು, ಅಂದರೆ ಗೂನು ಬೆನ್ನು. ಆ ಯುದ್ಧರಂಗದ ವಿಮಾನಗಳು ರಿಪೇರಿಗೆ ಬರುತ್ತಿದ್ದ ದೊಡ್ಡ ಜಾಗಗಳಲ್ಲಿ ನಮ್ಮ ಬೆಂಗಳೂರಿನ ಹಿಂದೂಸ್ತಾನ್ ಏರ್‌ಕ್ರಾಫ್ಟ್ ಕಾರ್ಖಾನೆಯೂ ಒಂದು. ಇಂದಿನ ಎಚ್‌ಎಎಲ್ ಅದೇ. ಚೆಂಗ್ಡು ಸುತ್ತಮುತ್ತ ಲಕ್ಷಾಂತರ ರೈತರು ಕೈಯಲ್ಲೇ ಕಲ್ಲು ಒಡೆದು, ರೋಲರ್ ಎಳೆದು ಬಾಂಬರ್ ವಿಮಾನಗಳಿಗೆ ರನ್‌ವೇ ಕಟ್ಟಿದ್ದರು. ಅದರಲ್ಲಿ ಗುವಾಂಗ್‌ಹಾನ್‌ನ ರನ್‌ವೇ ಇರುವ ಕಡೆಯೇ ಮುಂದೆ ಚೀನಾದ ಪೈಲಟ್‌ಗಳು ತರಬೇತಿ ಪಡೆಯುವ ಕಾಲೇಜು ಬಂತು. ಹೀಗೆ ಬೆಟ್ಟದ ಮೇಲೆ ಹಾರುವುದು ಆ ಭಾಗಕ್ಕೆ ಹೊಸದೇನಲ್ಲ. ಆದರೆ ಹಂಪ್ ವಿಮಾನಗಳು ಹಿಮಾಲಯದ ಪೂರ್ವದ ಅಂಚಿನಲ್ಲಿ ದಾಟುತ್ತಿದ್ದವು. ಟಿಬೆಟ್ ಪ್ರಸ್ಥಭೂಮಿಯ ಒಳಗೆ ಇಳಿಯುವುದು ಬೇರೆಯದೇ ಮಾತು. ಆ ಕಾಲದಲ್ಲಿ ಅದನ್ನು ವಿಮಾನ ಹೋಗಬಾರದ ಜಾಗ ಅಂತಲೇ ಕರೆಯುತ್ತಿದ್ದರು.

ಆ ಮಾತನ್ನು ಸುಳ್ಳು ಮಾಡಿದ್ದು 1956ರ ಮೇ ತಿಂಗಳು. ಪಾನ್ ಗುವೊಡಿಂಗ್ ಎಂಬ ಪೈಲಟ್ ಎರಡು ಎಂಜಿನ್ನಿನ ಕಾನ್ವೇರ್ ವಿಮಾನವನ್ನು ಚೆಂಗ್ಡುವಿನಿಂದ ಟಿಬೆಟ್‌ಗೆ ಹಾರಿಸಿದರು. ಅದೇ ವಾರ ವಾಯುಸೇನೆಯ ವಿಮಾನವೂ ಅಲ್ಲಿ ಇಳಿದಿತ್ತು. ಇಳಿದ ಜಾಗ ಲಾಸಾ ನಗರಕ್ಕೆ ಉತ್ತರದಲ್ಲಿರುವ ಡಾಮ್‌ಶುಂಗ್ ಬಯಲು, ಸಮುದ್ರ ಮಟ್ಟದಿಂದ 4200 ಮೀಟರಿಗಿಂತ ಎತ್ತರ. ಪ್ರಯಾಣಿಕರ ಸೇವೆ ಶುರುವಾಗಲು ಇನ್ನೂ ಒಂಬತ್ತು ವರ್ಷ ಹಿಡಿಯಿತು. 1965ರ ಮಾರ್ಚ್‌ನಲ್ಲಿ ಬೀಜಿಂಗ್–ಚೆಂಗ್ಡು–ಲಾಸಾ ದಾರಿ ತೆರೆಯಿತು. ಹಾರುತ್ತಿದ್ದುದು ಸೋವಿಯತ್ ನಿರ್ಮಿತ ಐಎಲ್-18, ನಾಲ್ಕು ಪ್ರೊಪೆಲ್ಲರ್‌ಗಳ ವಿಮಾನ. ಆಮೇಲೆ ನಿಲ್ದಾಣ ಗೊಂಗ್ಗಾರ್‌ಗೆ ಬಂತು. ಅದು ಯಾರ್ಲುಂಗ್ ತ್ಸಾಂಗ್ಪೊ ನದಿಯ ದಂಡೆ. ಕೆಳಗೆ ಅಸ್ಸಾಮಿಗೆ ಬಂದಾಗ ನಾವು ಬ್ರಹ್ಮಪುತ್ರ ಅನ್ನುವುದು ಇದೇ ನದಿಯನ್ನು.

ಈಗ ಒಂದು ಪ್ರಶ್ನೆ. ಲಾಸಾಗೆ ಹಾರುವುದು ಅಷ್ಟು ಕಷ್ಟ ಯಾಕೆ? ವಿಮಾನ ಹೇಗಿದ್ದರೂ ಹತ್ತು ಸಾವಿರ ಮೀಟರ್ ಎತ್ತರದಲ್ಲಿ ಹಾರುತ್ತದೆ, ಅಲ್ವಾ? ಗೊಂಗ್ಗಾರ್ ಇರುವುದು 3570 ಮೀಟರ್‌ನಲ್ಲಿ. ಹಾಗಾದರೆ ಏನು ತೊಂದರೆ?

ತೊಂದರೆ ಇರುವುದು ಏರುವಾಗ, ಇಳಿಯುವಾಗ, ಮತ್ತು ಏನಾದರೂ ಕೆಟ್ಟಾಗ.

ಏರುವುದು, ಇಳಿಯುವುದನ್ನು ಮೊದಲು ನೋಡೋಣ. 3570 ಮೀಟರ್ ಎತ್ತರದಲ್ಲಿ ಗಾಳಿಯ ಸಾಂದ್ರತೆ ಸಮುದ್ರ ಮಟ್ಟದ ಸುಮಾರು ಶೇ. 70 ಮಾತ್ರ. ರೆಕ್ಕೆ ವಿಮಾನವನ್ನು ಎತ್ತಿ ಹಿಡಿಯುವುದು ಗಾಳಿಯ ಬಲದಿಂದ. ಗಾಳಿ ತೆಳುವಾದರೆ ಅಷ್ಟೇ ತೂಕ ಎತ್ತಲು ಜಾಸ್ತಿ ವೇಗ ಬೇಕು. ಲೆಕ್ಕ ಹಾಕಿದರೆ ಸುಮಾರು ಶೇ. 20 ಜಾಸ್ತಿ. ಮಂಗಳೂರಿನಂಥ ಕರಾವಳಿ ಊರಿನಲ್ಲಿ ಒಂದು ವಿಮಾನ ಗಂಟೆಗೆ 240 ಕಿಲೋಮೀಟರ್ ವೇಗದಲ್ಲಿ ನೆಲ ಮುಟ್ಟುತ್ತದೆ ಅಂದುಕೊಳ್ಳಿ. ಅದೇ ವಿಮಾನ, ಅದೇ ತೂಕ, ಲಾಸಾದಲ್ಲಿ ಸುಮಾರು 287 ಕಿಲೋಮೀಟರ್ ವೇಗದಲ್ಲಿ ಮುಟ್ಟಬೇಕು. ವೇಗ ಶೇ. 20 ಏರಿದರೆ ಬ್ರೇಕ್ ಹೀರಿಕೊಳ್ಳಬೇಕಾದ ಶಕ್ತಿ ಶೇ. 40ಕ್ಕಿಂತ ಜಾಸ್ತಿ ಏರುತ್ತದೆ. ಬ್ರೇಕ್ ಕಾಯುತ್ತದೆ, ಟೈರಿನ ವೇಗದ ಮಿತಿ ಹತ್ತಿರ ಬರುತ್ತದೆ, ರನ್‌ವೇ ಉದ್ದ ಬೇಕಾಗುತ್ತದೆ. ಇತ್ತ ಎಂಜಿನ್ನಿಗೂ ಅದೇ ತೆಳು ಗಾಳಿ. ಹಾಗಾಗಿ ಅದು ಕೊಡುವ ಬಲವೂ ಕಡಿಮೆ. ಜಾಸ್ತಿ ವೇಗ ಬೇಕಾದ ಕಡೆಯೇ ಕಡಿಮೆ ಬಲ ಸಿಗುತ್ತದೆ.

ಇದರ ಮೇಲೆ ಮಧ್ಯಾಹ್ನದ ಗಾಳಿ. ಬಿಸಿಲು ಏರಿದಂತೆ ಕಣಿವೆಗಳಲ್ಲಿ ಗಾಳಿ ಜೋರಾಗುತ್ತದೆ. ಅದಕ್ಕೇ ಲಾಸಾ ವಿಮಾನಗಳು ಚೆಂಗ್ಡುವಿನಿಂದ ನಸುಕಿನಲ್ಲೇ ಹೊರಡುವುದು ರೂಢಿ. ನಮ್ಮ ಲೇಹ್‌ಗೆ ಹೋಗಿ ಬಂದವರಿಗೆ ಇದು ಗೊತ್ತಿರುತ್ತದೆ. ಅಲ್ಲೂ ಬೆಳಗಿನ ವಿಮಾನಗಳೇ.

ಇನ್ನು ಏನಾದರೂ ಕೆಟ್ಟರೆ? ಎರಡು ಎಂಜಿನ್ನಿನ ವಿಮಾನದಲ್ಲಿ ಒಂದು ಎಂಜಿನ್ ನಿಂತರೆ ವಿಮಾನ ಬೀಳುವುದಿಲ್ಲ. ಆದರೆ ಅದೇ ಎತ್ತರದಲ್ಲಿ ನಿಲ್ಲಲೂ ಆಗುವುದಿಲ್ಲ. ನಿಧಾನವಾಗಿ ಕೆಳಗೆ ಇಳಿಯುತ್ತಾ, ಒಂದು ಎಂಜಿನ್ ಹಿಡಿದಿಡಬಲ್ಲ ಎತ್ತರಕ್ಕೆ ಬಂದು ನಿಲ್ಲುತ್ತದೆ. ಬಯಲು ಸೀಮೆಯ ಮೇಲೆ ಇದರಿಂದ ಭಯವಿಲ್ಲ. ಚೆಂಗ್ಡು–ಲಾಸಾ ನಡುವೆ ಹಾಗಲ್ಲ. ಆ ಸುಮಾರು 1300 ಕಿಲೋಮೀಟರ್ ದಾರಿಯ ಕೆಳಗೆ ಆರು ಸಾವಿರ ಮೀಟರ್ ದಾಟಿದ ಶಿಖರಗಳು ಸಾಲು ಸಾಲಾಗಿವೆ. ಗೊಂಗ್ಗಾ ಶಿಖರ 7500 ಮೀಟರ್‌ಗಿಂತ ಎತ್ತರ. ಹಿಮಾಲಯದ ಪೂರ್ವದ ತುದಿಯ ನಾಮ್ಚಾ ಬರ್ವಾ 7782 ಮೀಟರ್. ವಿಮಾನ ಇಳಿದು ನಿಲ್ಲುವ ಎತ್ತರ ಶಿಖರಕ್ಕಿಂತ ಕೆಳಗಿದ್ದರೆ ಮುಂದೇನು ಅಂತ ಹೇಳಬೇಕಿಲ್ಲ. ಹಾಗಾಗಿ ದಾರಿಯ ಪ್ರತಿ ತುಂಡಿಗೂ ಮೊದಲೇ ತಪ್ಪಿಸಿಕೊಳ್ಳುವ ದಾರಿ ಬರೆದಿಟ್ಟಿರಬೇಕು. ಇಲ್ಲಿ ಎಂಜಿನ್ ಕೆಟ್ಟರೆ ಈ ಕಣಿವೆ, ಅಲ್ಲಿ ಕೆಟ್ಟರೆ ಆ ಕಣಿವೆ. ಪೈಲಟ್ ಅದನ್ನು ಆ ಕ್ಷಣದಲ್ಲಿ ಯೋಚಿಸುತ್ತಾ ಕೂರುವಂತಿಲ್ಲ.

ಆಮ್ಲಜನಕದ್ದು ಇನ್ನೊಂದು ಕಥೆ. ಕ್ಯಾಬಿನ್‌ನಲ್ಲಿ ಗಾಳಿಯ ಒತ್ತಡ ಹೋದರೆ ತಲೆಯ ಮೇಲಿಂದ ಹಳದಿ ಮಾಸ್ಕ್ ಬೀಳುತ್ತದೆ ಅಂತ ಗಗನಸಖಿ ಪ್ರತಿ ಸಲ ತೋರಿಸುತ್ತಾರಲ್ಲ, ಸಾಮಾನ್ಯ ವಿಮಾನದಲ್ಲಿ ಆ ಮಾಸ್ಕ್ ಕೆಲಸ ಮಾಡುವುದು ಸುಮಾರು ಕಾಲು ಗಂಟೆಯ ಆಸುಪಾಸು ಅಷ್ಟೆ. ಅಷ್ಟರೊಳಗೆ ಪೈಲಟ್ ವಿಮಾನವನ್ನು ಮೂರು ಸಾವಿರ ಮೀಟರ್‌ಗೆ ಇಳಿಸಿಬಿಡುತ್ತಾರೆ, ಅಲ್ಲಿ ಮಾಸ್ಕ್ ಇಲ್ಲದೆ ಉಸಿರಾಡಬಹುದು ಅನ್ನೋದು ಲೆಕ್ಕ. ಟಿಬೆಟ್ ಮೇಲೆ ಮೂರು ಸಾವಿರ ಮೀಟರ್ ಅಂದರೆ ನೆಲದ ಒಳಗೆ! ಆದ್ದರಿಂದ ಈ ದಾರಿಯ ವಿಮಾನಗಳಿಗೆ ತುಂಬಾ ಹೊತ್ತು ಬರುವಷ್ಟು ಆಮ್ಲಜನಕ ಬೇಕು.

ಇದು ಬರೀ ಕಾಗದದ ಮೇಲಿನ ಭಯ ಅಲ್ಲ. 2018ರ ಮೇ 14ರಂದು ಚೊಂಗ್‌ಚಿಂಗ್‌ನಿಂದ ಲಾಸಾಗೆ ಹೊರಟ ಸಿಚುವಾನ್ ಏರ್‌ಲೈನ್ಸ್ ವಿಮಾನದ ಕಾಕ್‌ಪಿಟ್ ಗಾಜು ಆಕಾಶದಲ್ಲೇ ಒಡೆದುಹೋಯಿತು. ಸಹ ಪೈಲಟ್ ಅರ್ಧ ದೇಹ ಹೊರಗೆ ಎಳೆದುಕೊಂಡು ಹೋಗುವಷ್ಟು ಗಾಳಿ. ಕ್ಯಾಪ್ಟನ್ ಲಿಯು ಚುವಾನ್‌ಜಿಯನ್ ತಕ್ಷಣ ಕೆಳಗೆ ಇಳಿಯುವ ಹಾಗಿರಲಿಲ್ಲ, ಕೆಳಗೆ ಬೆಟ್ಟ. ಕೊರೆಯುವ ಚಳಿಯಲ್ಲಿ, ತೆಳು ಗಾಳಿಯಲ್ಲಿ ಬೆಟ್ಟದ ಸಾಲು ದಾಟುವವರೆಗೆ ಎತ್ತರ ಕಾಯ್ದುಕೊಂಡು, ಆಮೇಲೆ ಇಳಿದು ಚೆಂಗ್ಡು ತಲುಪಿಸಿದರು. ವಿಮಾನದಲ್ಲಿದ್ದ 128 ಜನರೂ ಬದುಕಿದರು. ಅದು ಬೇರೆ ಕಂಪನಿ, ಬೇರೆ ಕಾಲ. ಆದರೆ ದಾರಿ ಅದೇ, ಬೆಟ್ಟ ಅವೇ.

ಚೀನಾ ಸೌತ್‌ವೆಸ್ಟ್ ಈ ದಾರಿಗೆ ಮೊದಲು ನಾಲ್ಕು ಎಂಜಿನ್ನಿನ ಬೋಯಿಂಗ್ 707 ಬಳಸಿತು. ಆಮೇಲೆ ಬೋಯಿಂಗ್ 757 ಬಂತು. ಎರಡೇ ಎಂಜಿನ್, ಆದರೆ ವಿಮಾನದ ತೂಕಕ್ಕೆ ಹೋಲಿಸಿದರೆ ಅದರ ರೋಲ್ಸ್ ರಾಯ್ಸ್ ಎಂಜಿನ್ನುಗಳ ಬಲ ಅಸಾಧಾರಣ. ಬೆಟ್ಟದ ದಾರಿಗೆ ಹೇಳಿ ಮಾಡಿಸಿದಂಥದ್ದು. ಕಂಪನಿ ಇಂಥ ಹತ್ತಕ್ಕಿಂತ ಜಾಸ್ತಿ ವಿಮಾನ ಇಟ್ಟುಕೊಂಡಿತ್ತು. 90ರ ದಶಕದ ಕೊನೆಗೆ ಮೂರು ಏರ್‌ಬಸ್ ಎ340 ಕೂಡ ತಂದಿತು. ಎ340 ಬಹಳ ದೂರ, ಸಮುದ್ರ ದಾಟಲು ಮಾಡಿದ ದೊಡ್ಡ ವಿಮಾನ. ಅಂಥದ್ದನ್ನು ಎರಡು ಗಂಟೆಯ ಲಾಸಾ ದಾರಿಗೂ ಹಾರಿಸಿದರು. ಕೇಳುವವರಿಗೆ ವಿಚಿತ್ರ ಅನ್ನಿಸಬಹುದು. ಮೇಲಿನ ಲೆಕ್ಕ ಗೊತ್ತಿದ್ದರೆ ಅನ್ನಿಸುವುದಿಲ್ಲ. ನಾಲ್ಕರಲ್ಲಿ ಒಂದು ಎಂಜಿನ್ ಹೋದರೂ ಮೂರು ಉಳಿಯುತ್ತವೆ, ಶಿಖರಗಳ ಮೇಲೆಯೇ ಇರಬಹುದು.

ಲಾಸಾಗಿಂತ ಕಷ್ಟದ ಇನ್ನೊಂದು ಜಾಗ ಇತ್ತು. ಪೂರ್ವ ಟಿಬೆಟ್‌ನ ಚಾಮ್ಡೊ ಪಟ್ಟಣಕ್ಕೆ ಕಟ್ಟಿದ ಬಾಮ್ಡಾ ನಿಲ್ದಾಣ. 4334 ಮೀಟರ್ ಎತ್ತರ. 90ರ ದಶಕದ ನಡುವೆ ಅಲ್ಲಿಗೆ ಸೇವೆ ಶುರುವಾದಾಗ ಜಗತ್ತಿನ ಅತಿ ಎತ್ತರದ ನಾಗರಿಕ ವಿಮಾನ ನಿಲ್ದಾಣ ಅದೇ. 2013ರಲ್ಲಿ ಸಿಚುವಾನ್‌ನ ದಾವೊಚೆಂಗ್ ತೆರೆಯುವವರೆಗೂ ಆ ಸ್ಥಾನ ಅದರದ್ದೇ. ಆಗ ರನ್‌ವೇ ಉದ್ದ ಐದೂವರೆ ಕಿಲೋಮೀಟರ್ ಇತ್ತು. ಅಷ್ಟು ಉದ್ದ ಯಾಕೆ ಅಂತ ಈಗ ನಿಮಗೇ ಗೊತ್ತು. ಅಲ್ಲಿ ಗಾಳಿಯ ಸಾಂದ್ರತೆ ಶೇ. 65ರ ಹತ್ತಿರ.

ಬಾಮ್ಡಾದ ಒಂದು ವಿಷಯ ನನಗೆ ತುಂಬಾ ಹಿಡಿಸುತ್ತದೆ. ವಿಮಾನದ ಒಳಗಿನ ಗಾಳಿಯನ್ನು ಹಾರುವಾಗ ಸುಮಾರು 2400 ಮೀಟರ್ ಎತ್ತರದ ಊರಿನಲ್ಲಿ ಇರುವಷ್ಟು ಇಟ್ಟಿರುತ್ತಾರೆ. ಎಲ್ಲ ಕಡೆ ವಿಮಾನ ಇಳಿಯುತ್ತಾ ಬಂದಂತೆ ಒಳಗಿನ ಗಾಳಿ ಗಟ್ಟಿಯಾಗುತ್ತಾ ಬರುತ್ತದೆ. ಬಾಮ್ಡಾದಲ್ಲಿ ಉಲ್ಟಾ. ವಿಮಾನ ಕೆಳಗೆ ಇಳಿಯುತ್ತಿದ್ದರೆ ಒಳಗಿನ ಗಾಳಿ ತೆಳುವಾಗುತ್ತಾ ಹೋಗಬೇಕು. ಯಾಕೆಂದರೆ ಬಾಗಿಲು ತೆರೆದಾಗ ಹೊರಗಿರುವುದು 4334 ಮೀಟರ್‌ನ ಗಾಳಿ. ಸಾಮಾನ್ಯ ವಿಮಾನದಲ್ಲಿ ಒಳಗಿನ ಗಾಳಿ ಮೂರು ಸಾವಿರ ಮೀಟರ್‌ನಷ್ಟು ತೆಳುವಾದರೆ ಅಪಾಯದ ಗಂಟೆ ಹೊಡೆಯುತ್ತದೆ. ಸುಮಾರು 4270 ಮೀಟರ್‌ನಷ್ಟಾದರೆ ಮಾಸ್ಕ್‌ಗಳು ತಾವಾಗಿಯೇ ಕೆಳಗೆ ಬೀಳುತ್ತವೆ. ಅಂದರೆ ಏನೂ ಮಾರ್ಪಾಡು ಮಾಡದ ವಿಮಾನವನ್ನು ಬಾಮ್ಡಾಗೆ ಒಯ್ದರೆ, ಎಲ್ಲವೂ ಸರಿಯಾಗಿದ್ದರೂ, ಇಳಿಯುವ ಹೊತ್ತಿಗೆ ಗಂಟೆ ಹೊಡೆದು ಎಲ್ಲರ ಮುಂದೆ ಮಾಸ್ಕ್ ನೇತಾಡುತ್ತಿರುತ್ತದೆ. ಅದಕ್ಕೇ ಅಂಥ ಜಾಗಕ್ಕೆ ಹೋಗುವ ವಿಮಾನವೇ ಬೇರೆ, ಅದರ ಪೈಲಟ್‌ಗೆ ಬೇಕಾದ ತರಬೇತಿಯೇ ಬೇರೆ. ಇದನ್ನು ಹಂತಹಂತವಾಗಿ ಕಲಿತು, ಬರೆದಿಟ್ಟು, ಮುಂದಿನವರಿಗೆ ಕಲಿಸಿದ್ದು ಚೆಂಗ್ಡುವಿನ ಜನ. ಲಾಸಾದಿಂದ ಹಿಮಾಲಯ ದಾಟಿ ಕಾಠ್ಮಂಡುವಿಗೂ ಅವರೇ ಹಾರುತ್ತಿದ್ದರು.

ಇಷ್ಟೆಲ್ಲ ಬಲ್ಲ ಕಂಪನಿಯ ಅಪಘಾತಗಳು ಆಗಿದ್ದು ಬೆಟ್ಟದ ಮೇಲಲ್ಲ.

ಮೊದಲನೆಯದು ಕಂಪನಿ ಹುಟ್ಟಿ ಮೂರೇ ತಿಂಗಳಿಗೆ. 1988ರ ಜನವರಿ 18. ವಿಮಾನದ ನಂಬರ್ 4146. ನಮ್ಮ ಲೆಕ್ಕದಲ್ಲಿ ಓದಿದರೆ, ನೈಋತ್ಯದ ವಿಮಾನ ಬೀಜಿಂಗ್‌ಗೆ ಹೋಗಿ ವಾಪಸ್ ಬರುತ್ತಿತ್ತು. ಹಳೆಯ ಐಎಲ್-18. ಚೊಂಗ್‌ಚಿಂಗ್ ಹತ್ತಿರ ಬಂದಾಗ ಎಂಜಿನ್ನಿಗೆ ಬೆಂಕಿ ಬಿತ್ತು. ನಿಲ್ದಾಣ ತಲುಪುವ ಮೊದಲೇ ವಿಮಾನ ಬಿದ್ದು 108 ಜನರೂ ಸತ್ತರು.

ಎರಡನೆಯದರಲ್ಲಿ ಕಂಪನಿಯ ತಪ್ಪೇನೂ ಇರಲಿಲ್ಲ. 1990ರ ಅಕ್ಟೋಬರ್ 2ರಂದು ಗುವಾಂಗ್‌ಝೌ ನಿಲ್ದಾಣದಲ್ಲಿ ಅದರ 707 ವಿಮಾನ ನಿಂತಿತ್ತು. ಪ್ರಯಾಣಿಕರು ಇನ್ನೂ ಹತ್ತಿರಲಿಲ್ಲ. ಅಪಹರಣವಾದ ಶಿಯಾಮೆನ್ ಏರ್‌ಲೈನ್ಸ್ ವಿಮಾನವೊಂದು ಇಳಿಯುವಾಗ ಹತೋಟಿ ತಪ್ಪಿ ಮೊದಲು ಈ 707ಕ್ಕೆ ತಾಗಿ, ಆಮೇಲೆ ಜನ ತುಂಬಿ ಹೊರಡಲು ಕಾಯುತ್ತಿದ್ದ ಚೀನಾ ಸದರ್ನ್‌ನ 757ಕ್ಕೆ ಅಪ್ಪಳಿಸಿತು. 128 ಜನ ಸತ್ತರು. 707ರಲ್ಲಿ ಇದ್ದ ಒಬ್ಬರೇ ಪೈಲಟ್ ಸಣ್ಣ ಗಾಯದೊಂದಿಗೆ ಪಾರಾದರು.

ಮೂರನೆಯದು 4509. ಅದರ ಬಗ್ಗೆ ಸ್ವಲ್ಪ ವಿವರವಾಗಿ ಹೇಳಬೇಕು.

80ರ ದಶಕದ ಕೊನೆಗೆ ಚೀನಾದಲ್ಲಿ ಹಾರುವವರ ಸಂಖ್ಯೆ ಒಂದೇ ಸಮನೆ ಏರಿತು. ವಿಮಾನ ಬೇಕು. ಆದರೆ ಬೋಯಿಂಗ್ ತರಲು ಡಾಲರ್ ಬೇಕು, ಅದು ಕಡಿಮೆ. ಪಕ್ಕದಲ್ಲೇ ಸೋವಿಯತ್ ಒಕ್ಕೂಟ ಇತ್ತು. ಅಲ್ಲಿ ವಿಮಾನ ಇತ್ತು, ದಿನಬಳಕೆಯ ಸಾಮಾನಿಗೆ ಬರ. ಹಾಗಾಗಿ ಟುಪೊಲೆವ್ ಟಿಯು-154 ವಿಮಾನಗಳು ಚೀನಾಕ್ಕೆ ಬಂದವು. ಚೆಂಗ್ಡುವಿನ ಇನ್ನೊಂದು ಕಂಪನಿ ಸಿಚುವಾನ್ ಏರ್‌ಲೈನ್ಸ್‌ಗೆ ಬಂದ ನಾಲ್ಕು ಟಿಯು-154ಗಳಂತೂ ಮೌ ಚಿಝೊಂಗ್ ಎಂಬ ವ್ಯಾಪಾರಿ ಬಟ್ಟೆಬರೆ, ಡಬ್ಬಿ ಆಹಾರ ಕೊಟ್ಟು ತಂದವು. ಚೀನಾದಲ್ಲಿ ಇಂದಿಗೂ ಜನ ನೆನಪಿಸಿಕೊಳ್ಳುವ ವ್ಯಾಪಾರ ಅದು. ಚೀನಾ ಸೌತ್‌ವೆಸ್ಟ್ ಮತ್ತು ಚೀನಾ ನಾರ್ತ್‌ವೆಸ್ಟ್ ಕೂಡ ಟಿಯು-154 ಹಾರಿಸಿದವು.

ಒಂದೇ ಹ್ಯಾಂಗರಿನಲ್ಲಿ ಅಮೆರಿಕದ ವಿಮಾನ, ಯುರೋಪಿನ ವಿಮಾನ, ಸೋವಿಯತ್ ವಿಮಾನ. ಬೇರೆ ಬೇರೆ ಕೈಪಿಡಿ, ಬೇರೆ ಬೇರೆ ಬಿಡಿಭಾಗ. ಇದು ಎಷ್ಟು ಅಪಾಯ ಅನ್ನೋದು ಮೊದಲು ಶಿಯಾನ್‌ನಲ್ಲಿ ಗೊತ್ತಾಯಿತು. 1994ರ ಜೂನ್ 6ರಂದು ಚೀನಾ ನಾರ್ತ್‌ವೆಸ್ಟ್‌ನ 2303, ಒಂದು ಟಿಯು-154, ಏರಿದ ಹತ್ತು ನಿಮಿಷಕ್ಕೆ ಆಕಾಶದಲ್ಲೇ ಒಡೆದುಹೋಯಿತು. 160 ಜನ ಸತ್ತರು. ಚೀನಾದ ಮುಖ್ಯ ಭೂಭಾಗದಲ್ಲಿ ಇಂದಿಗೂ ಅದಕ್ಕಿಂತ ದೊಡ್ಡ ವಿಮಾನ ಅಪಘಾತ ಆಗಿಲ್ಲ. ಕಾರಣ ಎರಡು ಪ್ಲಗ್. ರಿಪೇರಿ ಮಾಡುವಾಗ ಆಟೊಪೈಲಟ್‌ನ ಎರಡು ಕೇಬಲ್‌ಗಳನ್ನು ಅದಲು ಬದಲು ಚುಚ್ಚಿದ್ದರು. ಒಂದು ವಿಮಾನದ ಮೂಗನ್ನು ಎಡಬಲ ತಿರುಗಿಸುವುದಕ್ಕೆ, ಇನ್ನೊಂದು ವಿಮಾನವನ್ನು ಪಕ್ಕಕ್ಕೆ ವಾಲಿಸುವುದಕ್ಕೆ. ಒಂದರ ಆಜ್ಞೆ ಇನ್ನೊಂದಕ್ಕೆ ಹೋಯಿತು.

ಸುಮಾರು ಐದು ವರ್ಷ ಕಳೆಯಿತು. 1999ರ ಫೆಬ್ರವರಿ 24. ಚೀನೀ ಹೊಸ ವರ್ಷ ಕಳೆದು ಎಂಟು ದಿನ. ಹಬ್ಬ ಮುಗಿಸಿ ಜನ ಕೆಲಸಕ್ಕೆ ಮರಳುವ ಹೊತ್ತು. 4509 ಚೆಂಗ್ಡುವಿನಿಂದ ಪೂರ್ವ ಕರಾವಳಿಯ ವೆನ್‌ಝೌಗೆ ಹೊರಟಿತು. 50 ಪ್ರಯಾಣಿಕರು, 11 ಸಿಬ್ಬಂದಿ. ವೆನ್‌ಝೌ ಹತ್ತಿರ ಇಳಿಯುತ್ತಿದ್ದಾಗ ವಿಮಾನದ ಮೂಗು ಕೆಳಗೆ ಬಿತ್ತು. ಮತ್ತೆ ಎತ್ತಲು ಆಗಲಿಲ್ಲ. ರುಯಿಯಾನ್ ಎಂಬಲ್ಲಿ ಹೊಲಕ್ಕೆ ಬಿತ್ತು. ಯಾರೂ ಉಳಿಯಲಿಲ್ಲ.

ತನಿಖೆ ಹೋಗಿ ನಿಂತಿದ್ದು ವಿಮಾನದ ಬಾಲದ ಕಡೆಯ ಒಂದು ಜೋಡಣೆಯ ಮೇಲೆ. ವಿಮಾನದ ಮೂಗನ್ನು ಮೇಲೆ ಕೆಳಗೆ ಮಾಡುವುದು ಬಾಲದಲ್ಲಿರುವ ಎಲಿವೇಟರ್ ಎಂಬ ಹಲಗೆಗಳು. ಪೈಲಟ್ ಕೈಯ ಚಲನೆ ಸರಳುಗಳ ಮೂಲಕ ಅಲ್ಲಿಗೆ ಹೋಗುತ್ತದೆ. ಆ ಸರಳುಗಳನ್ನು ಜೋಡಿಸುವ ಬೋಲ್ಟ್‌ಗೆ ಒಂದು ವಿಶೇಷ ನಟ್ ಹಾಕಬೇಕು. ಕಿರೀಟದ ಹಾಗೆ ಮೇಲೆ ಹಲ್ಲುಗಳಿರುವ ನಟ್ ಅದು. ಬೋಲ್ಟ್‌ನಲ್ಲಿ ಒಂದು ತೂತು ಇರುತ್ತದೆ. ನಟ್ ಬಿಗಿ ಮಾಡಿ, ಹಲ್ಲುಗಳ ಸಂದಿಯಿಂದ ತೂತಿಗೆ ಸ್ಪ್ಲಿಟ್ ಪಿನ್ ತೂರಿಸಿ, ಅದರ ಕಾಲುಗಳನ್ನು ಮಡಚಬೇಕು. ಅಲ್ಲಿಗೆ ನಟ್ ಎಷ್ಟೇ ಅದುರಿದರೂ ತಿರುಗುವಂತಿಲ್ಲ. ಗಾಡಿ ರಿಪೇರಿ ನೋಡಿದವರಿಗೆ ಇದು ಹೊಸದಲ್ಲ, ಚಕ್ರದ ಆಕ್ಸಲ್‌ಗೆ ಇದನ್ನೇ ಹಾಕುತ್ತಾರೆ. 4509ರಲ್ಲಿ ಹಾಕಿದ್ದು ಬೇರೆ ಥರದ ನಟ್. ತನ್ನಷ್ಟಕ್ಕೇ ಬಿಗಿಯಾಗಿ ಹಿಡಿದುಕೊಳ್ಳುವಂಥದ್ದು. ಅದಕ್ಕೆ ಪಿನ್ ಇಲ್ಲ. ಹಾರಾಟದ ಅದುರಿಗೆ ಅದು ಸ್ವಲ್ಪ ಸ್ವಲ್ಪವೇ ತಿರುಗಿ ಬಿಚ್ಚಿಕೊಂಡಿತು. ಬೋಲ್ಟ್ ಜಾರಿತು. ಪೈಲಟ್ ಕೈಗೂ ಬಾಲಕ್ಕೂ ಸಂಬಂಧ ಕಡಿದುಹೋಯಿತು.

ನಾನು ಈ ಕಥೆಯನ್ನು ಎಷ್ಟು ಸಲ ಓದಿದರೂ ಇಲ್ಲಿ ನಿಂತುಬಿಡುತ್ತೇನೆ. ಬಾಮ್ಡಾದಂಥ ಜಾಗದಲ್ಲಿ ಅಪಾಯ ಕಣ್ಣಿಗೆ ಕಾಣುತ್ತದೆ. ಬೆಟ್ಟ ಎದುರಿಗೇ ಇದೆ. ಹಾಗಾಗಿ ಎಲ್ಲರೂ ಎರಡೆರಡು ಸಲ ನೋಡುತ್ತಾರೆ, ನಿಯಮ ಬರೆಯುತ್ತಾರೆ, ಆಯ್ದ ಪೈಲಟ್‌ಗಳನ್ನೇ ಕಳಿಸುತ್ತಾರೆ. ವೆನ್‌ಝೌ ಸಮುದ್ರ ತೀರದ ಊರು. ಅಲ್ಲಿಗೆ ಹೋಗುವ ವಿಮಾನದ ಬಾಲದಲ್ಲಿ ಕೂತಿರುವ ನಟ್ ಯಾರ ಕಣ್ಣಿಗೂ ಬೀಳುವುದಿಲ್ಲ. ಮೆಕ್ಯಾನಿಕ್ ಒಬ್ಬರ ಮೇಲೆ ತಪ್ಪು ಹೊರಿಸಿ ಮುಗಿಸುವ ವಿಷಯ ಇದಲ್ಲ ಅನ್ನೋದು ನನ್ನ ಅಭಿಪ್ರಾಯ. ಆ ನಟ್ ತಪ್ಪು ಅಂತ ಹಿಡಿಯಲು ಎರಡನೆಯ ಕಣ್ಣು ಇರಬೇಕಿತ್ತು. ವಿಮಾನಗಳ ಸಂಖ್ಯೆ ಬೆಳೆದಷ್ಟು ಬೇಗ ಆ ಕಣ್ಣುಗಳು ಬೆಳೆದಿರಲಿಲ್ಲ. ಇನ್ನೊಂದು ವಿಷಯ, ಆಗ ಸಿಎಎಸಿ ವಿಮಾನ ಕಂಪನಿಗಳ ತಪ್ಪು ಹಿಡಿಯುವ ಇಲಾಖೆಯೂ ಹೌದು, ಅದೇ ಕಂಪನಿಗಳ ಯಜಮಾನನೂ ಹೌದು.

ಈ ಅಪಘಾತದ ನಂತರ ಚೀನಾದ ಪ್ರಯಾಣಿಕರ ಸೇವೆಯಿಂದ ಟಿಯು-154 ಮರೆಯಾಗುತ್ತಾ ಹೋಯಿತು. ಅಷ್ಟರಲ್ಲಿ ಕಂಪನಿಗಳ ಸ್ಥಿತಿಯೇ ಅಲುಗಾಡುತ್ತಿತ್ತು.

ಆರು ದೊಡ್ಡ ಕಂಪನಿಗಳ ಜೊತೆಗೆ ಪ್ರಾಂತ್ಯಗಳು, ನಗರಗಳು ಸೇರಿ ತಮ್ಮ ತಮ್ಮ ಕಂಪನಿ ಕಟ್ಟಿಕೊಂಡಿದ್ದವು. 90ರ ದಶಕದಲ್ಲಿ ಒಟ್ಟು ಮೂವತ್ತರ ಮೇಲಾಯಿತು. ಚೆಂಗ್ಡು ಒಂದೇ ಊರಿನಲ್ಲಿ ಎರಡು. 1997ರಲ್ಲಿ ಏಷ್ಯಾದ ಆರ್ಥಿಕ ಬಿಕ್ಕಟ್ಟು ಬಂತು. ವಿಮಾನ ಜಾಸ್ತಿ, ಜನ ಕಡಿಮೆ. ಸೀಟು ತುಂಬಿಸಲು ಎಲ್ಲರೂ ದರ ಇಳಿಸಿದರು. 1998ರಲ್ಲಿ ಇಡೀ ಉದ್ಯಮ ನಷ್ಟಕ್ಕೆ ಬಿತ್ತು. ಸಿಎಎಸಿ ರಿಯಾಯಿತಿ ದರವನ್ನೇ ನಿಷೇಧಿಸಿ ನೋಡಿತು. ಕಂಪನಿಗಳು ಬೇರೆ ಬೇರೆ ದಾರಿಯಲ್ಲಿ ರಿಯಾಯಿತಿ ಕೊಡುತ್ತಲೇ ಇದ್ದವು. 2001ರ ಡಿಸೆಂಬರ್‌ನಲ್ಲಿ ಚೀನಾ ವಿಶ್ವ ವ್ಯಾಪಾರ ಸಂಸ್ಥೆಗೆ ಸೇರಿತು. ಹೊರಗಿನ ದೊಡ್ಡ ಕಂಪನಿಗಳ ಎದುರು ನಿಲ್ಲಲು ಸಣ್ಣಸಣ್ಣವು ಸಾಲದು ಅನ್ನೋದು ಸರ್ಕಾರದ ವಾದ.

2002ರ ಅಕ್ಟೋಬರ್ 11ರಂದು ಮೂರು ದೊಡ್ಡ ಗುಂಪುಗಳನ್ನು ಘೋಷಿಸಿದರು. ಚೀನಾ ಈಸ್ಟರ್ನ್ ಒಳಗೆ ನಾರ್ತ್‌ವೆಸ್ಟ್ ಮತ್ತು ಯುನ್ನಾನ್ ಕಂಪನಿಗಳು ಹೋದವು. ಚೀನಾ ಸದರ್ನ್ ಒಳಗೆ ನಾರ್ದರ್ನ್ ಮತ್ತು ಶಿನ್‌ಜಿಯಾಂಗ್. ಏರ್ ಚೀನಾ ಒಳಗೆ ಚೀನಾ ಸೌತ್‌ವೆಸ್ಟ್. ಸಿಎಎಸಿ ಈ ಕಂಪನಿಗಳ ಯಜಮಾನಿಕೆ ಬಿಟ್ಟುಕೊಟ್ಟು ಬರೀ ನಿಯಮ ನೋಡುವ ಇಲಾಖೆಯಾಯಿತು. 1987ರಲ್ಲಿ ಚೆಂಗ್ಡುವಿನಲ್ಲಿ ಶುರುವಾದ ಕೆಲಸ ಒಂದು ರೀತಿಯಲ್ಲಿ ಇಲ್ಲಿಗೆ ಪೂರ್ತಿಯಾಯಿತು. ಆದರೆ ಆ ಪ್ರಯೋಗಕ್ಕೆಂದೇ ಹುಟ್ಟಿದ ಕಂಪನಿ ಉಳಿಯಲಿಲ್ಲ.

ಜೋಡಿ ಮಾಡಿದ್ದರಲ್ಲಿ ಅರ್ಥ ಇತ್ತು. ಏರ್ ಚೀನಾಕ್ಕೆ ವಿದೇಶದ ದಾರಿಗಳಿದ್ದವು, ದೇಶದ ಒಳಗೆ ಬೇರು ಕಡಿಮೆ. ಚೀನಾ ಸೌತ್‌ವೆಸ್ಟ್‌ಗೆ ಚೆಂಗ್ಡು, ಚೊಂಗ್‌ಚಿಂಗ್‌ನಂಥ ಜನ ತುಂಬಿದ ನಗರಗಳಿದ್ದವು, ಟಿಬೆಟ್ ದಾರಿ ಇತ್ತು. ವಿಮಾನಗಳ ಬಾಲಕ್ಕೆ ಏರ್ ಚೀನಾದ ಕೆಂಪು ಫೀನಿಕ್ಸ್ ಹಕ್ಕಿ ಬಂತು. ವಿಮಾನದ ನಂಬರಿನ ಮುಂದೆ ಇರುತ್ತಿದ್ದ ಎಸ್‌ಝಡ್ ಎಂಬ ಕೋಡ್ ಹೋಗಿ ಸಿಎ ಬಂತು. ಚೆಂಗ್ಡು ಕಚೇರಿ ಏರ್ ಚೀನಾದ ನೈಋತ್ಯ ಶಾಖೆ ಅನ್ನಿಸಿಕೊಂಡಿತು.

2006ರಲ್ಲಿ ಯಾರ್ಲುಂಗ್ ತ್ಸಾಂಗ್ಪೊ ಕಣಿವೆಯ ಇನ್ನೊಂದು ಕಡೆ, ನಿಂಗ್‌ಚಿಯಲ್ಲಿ ಹೊಸ ನಿಲ್ದಾಣ ತೆರೆಯಿತು. ಎತ್ತರ 2949 ಮೀಟರ್, ಲಾಸಾಗಿಂತ ಕಡಿಮೆಯೇ. ಆದರೆ ಅಲ್ಲಿ ನೇರ ದಾರಿ ಇಲ್ಲ. ಎರಡು ಬದಿಗೂ ಬೆಟ್ಟ, ನಡುವೆ ನದಿ ಹೇಗೆ ಬಳುಕುತ್ತದೋ ಹಾಗೇ ವಿಮಾನವೂ ಬಳುಕಿ ಬರಬೇಕು. ಮೋಡ ಕವಿದರೆ ಪೈಲಟ್ ಕಣ್ಣಿಗೆ ಏನೂ ಕಾಣುವುದಿಲ್ಲ. ನೆಲದ ಮೇಲಿನ ರೇಡಿಯೊ ಕಿರಣ ನೇರವಾಗಿ ಹೋಗುತ್ತದೆ, ಕಣಿವೆಯ ಜೊತೆ ತಿರುಗುವುದಿಲ್ಲ. ಅದಕ್ಕೆ ಉಪಗ್ರಹದಿಂದ ತನ್ನ ಜಾಗ ತಿಳಿದುಕೊಂಡು, ಮೊದಲೇ ಬರೆದಿಟ್ಟ ಬಳುಕು ದಾರಿಯಲ್ಲಿ ವಿಮಾನವೇ ತನ್ನನ್ನು ನಡೆಸಿಕೊಂಡು ಹೋಗುವ ವಿಧಾನ ಬಳಸಿದರು. ಚೀನಾದಲ್ಲಿ ಅದು ಮೊದಲು. ಪರೀಕ್ಷಾ ಹಾರಾಟ ಮಾಡಿದ್ದು ಏರ್ ಚೀನಾದ ಬೋಯಿಂಗ್ 757. ಚೆಂಗ್ಡುವಿನಲ್ಲಿ ವರ್ಷಗಟ್ಟಲೆ ಕೂಡಿಟ್ಟ ಬೆಟ್ಟದ ಅನುಭವ ಆಗ ಕೆಲಸಕ್ಕೆ ಬಂತು.

ನಂಬರಿನ ಲೆಕ್ಕ ಈಗ ಮೊದಲಿನಷ್ಟು ಕಟ್ಟುನಿಟ್ಟಾಗಿಲ್ಲ. ಹೊಸ ಕಂಪನಿ, ಹೊಸ ದಾರಿ ಬಂದಂತೆ ಅಂಕಿಗಳು ಸಾಲದೆ ಕಲಸಿಹೋಗಿವೆ. ಆದರೂ ಶಿಯಾನ್‌ನಲ್ಲಿ ಚೀನಾ ಈಸ್ಟರ್ನ್ ವಿಮಾನ ಹತ್ತಿದರೆ ನಂಬರ್ 2ರಿಂದ ಶುರುವಾಗುವುದನ್ನು ನೋಡಬಹುದು. ಶೆನ್ಯಾಂಗ್‌ನ ಚೀನಾ ಸದರ್ನ್‌ನಲ್ಲಿ 6. ಚೆಂಗ್ಡುವಿನಿಂದ ಬೆಳಗಿನ ಕತ್ತಲಲ್ಲೇ ಲಾಸಾ ಕಡೆ ಮೂಗು ಮಾಡಿ ಹೊರಡುವ ಏರ್ ಚೀನಾ ವಿಮಾನದ ಬೋರ್ಡಿಂಗ್ ಪಾಸ್‌ನಲ್ಲಿ, ಸಿಎ ಅನ್ನುವ ಎರಡು ಅಕ್ಷರದ ಪಕ್ಕದ ಮೊದಲ ಅಂಕಿ 4.